ಕರಿ ಅಂಗಿಯ ಬೆಲೆ: ಒಂದು ರಗ್ಬಿ ತಂಡ ಸಾವಿರಾರು ಕೋಟಿ ಬಾಳುವುದು ಹೇಗೆ?

ಕಳೆದ ತಿಂಗಳು ಅಕ್ಕನ ಮಗ ದಾವಣಗೆರೆಯ ಮಂಡಿಪೇಟೆಯಲ್ಲಿ 250 ರೂಪಾಯಿಗೆ ಒಂದು ಕರಿ ಟೀ ಶರ್ಟ್ ತಂದ. ಎದೆಯ ಒಂದು ಮಗ್ಗುಲಿಗೆ ಬೆಳ್ಳಿ ಬಣ್ಣದ ಎಲೆ, ನಡುವೆ ದಪ್ಪ ಅಕ್ಷರದಲ್ಲಿ 'ಆಲ್ಟ್ರಾಡ್'. ಬೆಣ್ಣೆ ದೋಸೆಗೆ ಕಾಯುತ್ತ ಕೂತಿದ್ದಾಗ ಕೇಳಿದೆ, "ಯಾವ ಟೀಮೋ ಇದು?"

"ಗೊತ್ತಿಲ್ಲ ಮಾಮ. ಆಲ್ಟ್ರಾಡ್ ಅಂತ ಬರ್ದೈತಲ್ಲ, ಅದೇ ಇರ್ಬೇಕು."

ಆಲ್ಟ್ರಾಡ್ ಎನ್ನುವುದು ಕಟ್ಟಡಕ್ಕೆ ಕಟ್ಟುವ ಸಾರವೆ, ಸಿಮೆಂಟ್ ಕಲಸುವ ಮಿಕ್ಸರ್ ಮಾಡಿ ಬೆಳೆದ ಫ್ರಾನ್ಸಿನ ಕಂಪನಿ. ಅಂಗಿ ನ್ಯೂಜಿಲ್ಯಾಂಡಿನ ರಾಷ್ಟ್ರೀಯ ರಗ್ಬಿ ತಂಡದ್ದು. ಆ ತಂಡದ ಹೆಸರು 'ಆಲ್ ಬ್ಲ್ಯಾಕ್ಸ್'. ರಗ್ಬಿಯ ಗಂಧವೇ ಇಲ್ಲದ ಊರಿನ ಹುಡುಗನ ಎದೆಯ ಮೇಲೆ ಆ ಎಲೆ ಬಂದು ಕೂತಿದೆ ಎಂದರೆ ಅದರ ಹಿಂದೆ ದೊಡ್ಡದೊಂದು ವ್ಯಾಪಾರ ಇರಲೇಬೇಕು. ಇದೆ.

2025ರ ಜೂನ್‌ನಲ್ಲಿ ಮುಂಬೈನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಯಿತು. ಆರು ತಂಡಗಳ ಪೈಕಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು. ಆಗಿನಿಂದ ನಮ್ಮ ಕಡೆಯ ಹುಡುಗರ ಮೊಬೈಲಿನಲ್ಲೂ ಮೊಟ್ಟೆಯಾಕಾರದ ಚೆಂಡು ಕಾಣಿಸಿಕೊಳ್ಳುತ್ತಿದೆ. ಆಟದ ಜೊತೆಗೇ ಅದರ ದುಡ್ಡಿನ ಮಾತೂ ಬರುತ್ತದೆ: ಬ್ರ್ಯಾಂಡು, ಹೂಡಿಕೆ, ಪಾಲು, ಮೌಲ್ಯ. ಇವನ್ನೆಲ್ಲ ಆಲ್ ಬ್ಲ್ಯಾಕ್ಸ್ ತಂಡವೊಂದನ್ನೇ ಇಟ್ಟುಕೊಂಡು ಬಿಡಿಸಿ ನೋಡಬಹುದು.

ಮೊದಲು ಆಟ, ಎರಡೇ ಮಾತಿನಲ್ಲಿ

ಒಂದು ತಂಡಕ್ಕೆ 15 ಜನ, 80 ನಿಮಿಷದ ಆಟ. ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಿದರೆ 'ಟ್ರೈ', ಅದಕ್ಕೆ 5 ಅಂಕ. ಕಾಲಿನಿಂದ ಕಂಬಗಳ ನಡುವೆ ಹಾರಿಸಿದರೆ ಬೇರೆ ಅಂಕ. ಹಿಡಿದು ಬೀಳಿಸುವುದಕ್ಕೆ ಅಡ್ಡಿಯಿಲ್ಲ. ಕಬಡ್ಡಿ ನೋಡಿ ಬೆಳೆದವರಿಗೆ ಅದು ಹೊಸದಾಗಿ ಕಾಣುವುದಿಲ್ಲ. ವಿಚಿತ್ರ ಎನಿಸುವುದು ಒಂದೇ ನಿಯಮ: ಕೈಯಿಂದ ಚೆಂಡು ಎಸೆಯುವುದಾದರೆ ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು, ಮುಂದಕ್ಕೆ ಎಸೆಯುವಂತಿಲ್ಲ. ಎರಡು ದೇಶಗಳ ನಡುವಿನ ಪಂದ್ಯವನ್ನು ಇಲ್ಲೂ 'ಟೆಸ್ಟ್' ಎನ್ನುತ್ತಾರೆ, ಆದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಒಲಿಂಪಿಕ್ಸ್‌ನಲ್ಲೂ ನಮ್ಮ ಲೀಗ್‌ನಲ್ಲೂ ಆಡುವುದು ಏಳು ಜನರ ಚುಟುಕು ರಗ್ಬಿ.

ಮೂರು ಜಿಲ್ಲೆಯಷ್ಟು ಜನ

2011ರ ಜನಗಣತಿಯಲ್ಲಿ ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಮೂರೂ ಜಿಲ್ಲೆ ಸೇರಿ ಸುಮಾರು 53 ಲಕ್ಷ ಜನ. ನ್ಯೂಜಿಲ್ಯಾಂಡ್ ಎಂಬ ದೇಶದ ಜನಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಅಷ್ಟು ಜನರ ನಡುವಿನಿಂದ ಬಂದ ತಂಡ ನೂರು ವರ್ಷಕ್ಕೂ ಮೀರಿದ ಇತಿಹಾಸದಲ್ಲಿ ಆಡಿದ ಪ್ರತಿ ನಾಲ್ಕು ಟೆಸ್ಟ್‌ಗಳಲ್ಲಿ ಸರಾಸರಿ ಮೂರನ್ನು ಗೆದ್ದಿದೆ. 1987, 2011, 2015ರಲ್ಲಿ ವಿಶ್ವಕಪ್ ಎತ್ತಿದೆ. ಅದಕ್ಕಿಂತ ಹೆಚ್ಚು, ಅಂದರೆ ನಾಲ್ಕು ಸಲ ಗೆದ್ದಿರುವುದು ದಕ್ಷಿಣ ಆಫ್ರಿಕಾ ಮಾತ್ರ. 2023ರ ಫೈನಲ್‌ನಲ್ಲಿ ಇವರಿಬ್ಬರೇ ಎದುರುಬದುರಾಗಿದ್ದರು. ನಾಯಕ ಸ್ಯಾಮ್ ಕೇನ್ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ 14 ಜನರಲ್ಲೇ ಹೋರಾಡಿದ ಆಲ್ ಬ್ಲ್ಯಾಕ್ಸ್ 11–12ರಿಂದ, ಒಂದೇ ಅಂಕದಿಂದ ಸೋತಿತು.

ಹೆಸರು ಹುಟ್ಟಿದ್ದು 1905ರಲ್ಲಿ. ಡೇವ್ ಗ್ಯಾಲಹರ್ ನಾಯಕತ್ವದಲ್ಲಿ ಹಡಗು ಹತ್ತಿ ಬ್ರಿಟನ್ನಿಗೆ ಹೋದ ತಂಡ ಊರೂರು ಅಲೆದು ಎಲ್ಲರನ್ನೂ ಬಡಿದು, ವೇಲ್ಸ್ ಎದುರು ಮಾತ್ರ 0–3ರಿಂದ ಸೋತು ವಾಪಸಾಯಿತು. ಅಂಗಿ, ಚಡ್ಡಿ, ಕಾಲುಚೀಲ ಎಲ್ಲ ಕಪ್ಪು. ಅಲ್ಲಿನ ಪತ್ರಿಕೆಗಳು ಬಳಸಿದ ಹೆಸರೇ ಗಟ್ಟಿಯಾಯಿತು. ಮುದ್ರಣದಲ್ಲಿ ಒಂದು ಅಕ್ಷರ ತಪ್ಪಿ ಈ ಹೆಸರು ಬಂತು ಎಂಬ ಕಥೆಯೂ ಇದೆ. ಕೇಳಲು ಚೆನ್ನಾಗಿದೆ, ಇತಿಹಾಸಕಾರರು ಒಪ್ಪುವುದಿಲ್ಲ.

ಇಷ್ಟು ಸಣ್ಣ ದೇಶ ಇಷ್ಟು ಗೆಲ್ಲುವುದಕ್ಕೆ ಕಾರಣ ಹಲವು. ಶಾಲೆಯ ಮೈದಾನದಿಂದಲೇ ಮಕ್ಕಳು ಈ ಆಟಕ್ಕೆ ಬರುತ್ತಾರೆ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಮತ್ತು ಪೆಸಿಫಿಕ್ ದ್ವೀಪಗಳಾದ ಸಮೋವಾ, ಟೊಂಗಾ ಮೂಲದ ಕುಟುಂಬಗಳಲ್ಲಿ ರಗ್ಬಿ ಮನೆಮಾತು. ಆದರೆ ವ್ಯಾಪಾರದ ಲೆಕ್ಕಕ್ಕೆ ಮುಖ್ಯವಾದ ಕಾರಣ ಬೇರೆಯದು. ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಆಟಗಾರನಿಗೆ ಸಂಬಳ ಕೊಡುವುದು ಕ್ಲಬ್ಬು. ರಾಷ್ಟ್ರೀಯ ತಂಡ ಅವನನ್ನು ಕ್ಲಬ್ಬಿನಿಂದ ಕೇಳಿ ಪಡೆಯಬೇಕು. ನ್ಯೂಜಿಲ್ಯಾಂಡಿನಲ್ಲಿ ಆಟಗಾರನ ಒಪ್ಪಂದ ನೇರವಾಗಿ ದೇಶದ ರಗ್ಬಿ ಸಂಸ್ಥೆಯ ಜೊತೆ. ಅವನು ವರ್ಷಕ್ಕೆ ಎಷ್ಟು ಆಡಬೇಕು, ಯಾವಾಗ ವಿಶ್ರಾಂತಿ ಎಂಬುದೆಲ್ಲ ಒಂದೇ ಕೈಯಲ್ಲಿದೆ. ದೇಶದೊಳಗೆ ಆಡುವವರಿಗೆ ಮಾತ್ರ ಕರಿ ಅಂಗಿ ಎಂಬುದು ಅವರ ನಿಯಮ. ಜಪಾನ್, ಫ್ರಾನ್ಸ್‌ಗಳ ಕ್ಲಬ್ಬುಗಳು ಹೆಚ್ಚು ದುಡ್ಡು ತೋರಿಸಿ ಕರೆಯುತ್ತವೆ. ಆ ದುಡ್ಡಿಗೂ ಈ ಅಂಗಿಗೂ ನಡುವಿನ ಜಗ್ಗಾಟವೇ ಅಲ್ಲಿನ ಸಂಸ್ಥೆಯ ದಿನನಿತ್ಯದ ತಲೆನೋವು.

ಯಜಮಾನರು ಯಾರು?

ಐಪಿಎಲ್ ತಂಡವೆಂದರೆ ಯಾರೋ ಉದ್ಯಮಿಯ ಸ್ವತ್ತು. ಆಲ್ ಬ್ಲ್ಯಾಕ್ಸ್ ಹಾಗಲ್ಲ. ಅದು ಹೇಗೆ ಎಂದು ತಿಳಿಯಬೇಕಾದರೆ ನಮ್ಮ ಊರಿನ ಡೇರಿ ನೋಡಿದರೆ ಸಾಕು.

ಬೆಳಗ್ಗೆ ಕ್ಯಾನು ಹಿಡಿದು ಹಾಲು ಹಾಕುವ ರೈತರು ಸೇರಿ ಹಳ್ಳಿಯ ಹಾಲು ಉತ್ಪಾದಕರ ಸಂಘ. ಮೇಲೆ ಹೇಳಿದ ಮೂರು ಜಿಲ್ಲೆಗಳ ಅಂಥ ಸಂಘಗಳನ್ನೆಲ್ಲ ಸೇರಿಸಿ ಕಟ್ಟಿದ ಒಕ್ಕೂಟವೇ ಶಿಮುಲ್. ರಾಜ್ಯದ ಒಕ್ಕೂಟಗಳೆಲ್ಲ ಸೇರಿ ಕೆಎಂಎಫ್. ಮೇಲೆ ಹೊಳೆಯುವ ಹೆಸರು ನಂದಿನಿ. ನಂದಿನಿ ಯಾರದು ಎಂದರೆ ಒಬ್ಬರತ್ತ ಬೆರಳು ತೋರಿಸಲು ಆಗುವುದಿಲ್ಲ.

ನ್ಯೂಜಿಲ್ಯಾಂಡ್ ರಗ್ಬಿಯ ಕಟ್ಟಡವೂ ಇದೇ ನಕ್ಷೆಯದು. ತಳದಲ್ಲಿ ಊರಿನ ಕ್ಲಬ್ಬುಗಳು, ಅವುಗಳ ಮೇಲೆ 26 ಪ್ರಾಂತೀಯ ಒಕ್ಕೂಟಗಳು, ತುದಿಯಲ್ಲಿ 1892ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆ. ಆ ಸಂಸ್ಥೆಯ ನಂದಿನಿ ಎಂದರೆ ಆಲ್ ಬ್ಲ್ಯಾಕ್ಸ್. ಡೇರಿಯಲ್ಲಿ ಲಾಭ ಬಂದರೆ ಲೀಟರಿಗೆ ಇಷ್ಟು ಎಂದು ಕೆಳಗೆ ಹೋಗಬೇಕು, ಇಲ್ಲೂ ಹಾಗೆಯೇ. ಒಂದು ತಂಡ ದುಡಿದದ್ದು ಹಳ್ಳಿಯ ಮೈದಾನ, ಮಕ್ಕಳ ರಗ್ಬಿ, ಪ್ರಾಂತೀಯ ತಂಡಗಳು, ಮಹಿಳಾ ತಂಡ ಎಲ್ಲದಕ್ಕೂ ಹಂಚಿಕೆಯಾಗಬೇಕು. ಮಹಿಳಾ ತಂಡ 'ಬ್ಲ್ಯಾಕ್ ಫರ್ನ್ಸ್' ಆರು ವಿಶ್ವಕಪ್ ಗೆದ್ದಿದೆ, ಗಂಡಸರ ಎರಡರಷ್ಟು. ದುಡ್ಡಿನ ಮಾತು ಬಂದಾಗ ಮಾತ್ರ ಗಂಡಸರ ಅಂಗಿಯೇ ಮುಂದೆ.

ದುಡ್ಡು ಬರುವ ದಾರಿ

1995ರವರೆಗೆ ಈ ರಗ್ಬಿಯಲ್ಲಿ ಸಂಬಳವೇ ಇರಲಿಲ್ಲ. ಆಟಗಾರ ಹಗಲು ಬೇರೆ ಕೆಲಸ ಮಾಡಿ, ಸಂಜೆ ಮೈದಾನಕ್ಕೆ ಬರುತ್ತಿದ್ದ. ಆ ವರ್ಷದ ವಿಶ್ವಕಪ್‌ನಲ್ಲಿ ಜೋನಾ ಲೋಮು ಎಂಬ 20ರ ಹುಡುಗ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಮೇಲೆ ಒಬ್ಬನೇ ನಾಲ್ಕು ಟ್ರೈ ಹೊಡೆದ. ಅಡ್ಡ ಬಂದವರನ್ನು ಹಾದು, ಕೆಲವೊಮ್ಮೆ ಅವರ ಮೈಮೇಲೇ ಓಡಿದ. ರಗ್ಬಿಯ ನಿಯಮ ಗೊತ್ತಿಲ್ಲದವರೂ ಟಿವಿ ಮುಂದೆ ಎದ್ದು ನಿಂತರು. ಅದೇ ಹೊತ್ತಿಗೆ ನ್ಯೂಜಿಲ್ಯಾಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಸಂಸ್ಥೆಗಳು ಮಾಧ್ಯಮ ದೊರೆ ರೂಪರ್ಟ್ ಮರ್ಡಾಕ್ ಕಂಪನಿಗೆ ಹತ್ತು ವರ್ಷದ ಪ್ರಸಾರದ ಹಕ್ಕನ್ನು ಸುಮಾರು 55 ಕೋಟಿ ಅಮೆರಿಕನ್ ಡಾಲರಿಗೆ ಕೊಟ್ಟವು. ಆಗಸ್ಟ್ ಹೊತ್ತಿಗೆ ರಗ್ಬಿ ಅಧಿಕೃತವಾಗಿ ವೃತ್ತಿಪರ ಆಟವಾಯಿತು.

ಮೊದಲ ದಾರಿ ಇದೇ, ಪ್ರಸಾರದ ಹಕ್ಕು. ಎರಡನೆಯದು ಪ್ರಾಯೋಜಕರು. ಅಂಗಿ ಹೊಲಿಸಿಕೊಡುವುದು 1999ರಿಂದ ಅಡಿಡಾಸ್. ಅದು ಬರೀ ಬಟ್ಟೆ ಕೊಡುವುದಿಲ್ಲ, ತನ್ನ ಮೂರು ಪಟ್ಟಿ ಆ ಬಟ್ಟೆಯ ಮೇಲೆ ಕಾಣಿಸುವುದಕ್ಕೆ, ಅದರ ಮಾರಾಟದ ಹಕ್ಕಿಗೆ ದುಡ್ಡು ಕೊಡುತ್ತದೆ. ಎದೆಯ ಜಾಗ ಬೇರೆ ಬಾಡಿಗೆ. 2012ರಲ್ಲಿ ಅಮೆರಿಕದ ವಿಮಾ ಕಂಪನಿ ಎಐಜಿ ಅಲ್ಲಿಗೆ ಬಂತು. 2022ರಿಂದ ಆಲ್ಟ್ರಾಡ್.

ಸಾರವೆ ಕಂಪನಿಗೂ ರಗ್ಬಿಗೂ ಏನು ಸಂಬಂಧ ಎಂದು ಕೇಳಬಹುದು. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ಕನ್ನಡದ 'ನಂದಿನಿ' ಕಂಡು ನಾವೇ ಕುಣಿದಿದ್ದೆವಲ್ಲ, ಅದೇ ಸಂಬಂಧ. ಆ ಹೆಸರು ಕಂಡವರು ಅದೇನು ಎಂದು ಒಮ್ಮೆ ಕೇಳಿದರೂ ಕೊಟ್ಟ ದುಡ್ಡು ಕೆಲಸ ಮಾಡಿದಂತೆ. ನಮ್ಮ ಹುಡುಗ ದೋಸೆ ಹೋಟೆಲಿನಲ್ಲಿ ಹೇಳಿದ್ದೂ ಕಂಪನಿಯ ಹೆಸರನ್ನೇ, ತಂಡದ್ದಲ್ಲ.

ಈ ಆದಾಯ ಕಲ್ಲಿನ ಮೇಲೆ ಬರೆದದ್ದಲ್ಲ. ಬ್ರಿಟನ್ನಿನ ಐನಿಯೋಸ್ ಕಂಪನಿ 2022ರಿಂದ ಆರು ವರ್ಷಕ್ಕೆ ಪ್ರಾಯೋಜಕತ್ವ ಒಪ್ಪಿಕೊಂಡಿತ್ತು. 2025ರಲ್ಲೇ ಅದು ಮುರಿದು, ವ್ಯಾಜ್ಯವಾಗಿ, ಕೊನೆಗೆ ರಾಜಿಯಲ್ಲಿ ಮುಗಿಯಿತು.

ಮೂರನೆಯ ದಾರಿ ಗೇಟು, ಅಂದರೆ ಟಿಕೆಟ್ ದುಡ್ಡು. ಇಲ್ಲೇ ಒಂದು ಗಂಟು ಇದೆ.

ಹೆಸರು ದೊಡ್ಡದು, ಪೇಟೆ ಸಣ್ಣದು

ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಗೆ ಹೊರಗಿನಿಂದ ಹೆಸರಾಂತ ಪೈಲ್ವಾನ್ ಬಂದ ಎಂದಿಟ್ಟುಕೊಳ್ಳಿ. ಅವನ ಹೆಸರು ಕೇಳಿಯೇ ಅಖಾಡದ ಸುತ್ತ ಜನ ಕಿಕ್ಕಿರಿಯುತ್ತಾರೆ. ಆದರೆ ಟಿಕೆಟ್ ಇಟ್ಟಿದ್ದರೆ ಆ ದುಡ್ಡು ಸೇರುವುದು ಕುಸ್ತಿ ಏರ್ಪಡಿಸಿದವರಿಗೆ. ಅಂತರರಾಷ್ಟ್ರೀಯ ರಗ್ಬಿಯಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯೂ ಇದೇ. ಯಾರ ಮೈದಾನವೋ ಅವರದೇ ಗೇಟು.

ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನದಲ್ಲಿ 82,000 ಜನ ಕೂರುತ್ತಾರೆ. ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ಸುಮಾರು 50,000. ಅದೇ ಆ ದೇಶದ ಅತಿದೊಡ್ಡ ಮೈದಾನ. ಲಂಡನ್ನಿನ ಟಿಕೆಟ್ ದರವನ್ನು ಆಕ್ಲೆಂಡಿನಲ್ಲಿ ಇಟ್ಟರೆ ಕೊಳ್ಳುವವರು ಕಡಿಮೆ. ಹೀಗಾಗಿ ಆಲ್ ಬ್ಲ್ಯಾಕ್ಸ್ ಹೋದಲ್ಲೆಲ್ಲ ಮೈದಾನ ತುಂಬುತ್ತದೆ, ಗಲ್ಲಾ ಪೆಟ್ಟಿಗೆ ತುಂಬುವುದು ಬಹುಮಟ್ಟಿಗೆ ಅಲ್ಲಿಯವರದು. ಇದಕ್ಕೆ ಅವರು ಕಂಡುಕೊಂಡ ಒಂದು ಉಪಾಯವೆಂದರೆ ನಿಗದಿತ ವೇಳಾಪಟ್ಟಿಯ ಹೊರಗೆ ಒಂದು ಪಂದ್ಯವನ್ನು ಹೆಚ್ಚಿಗೆ ಆಡಿ, ಅದಕ್ಕೆ ಪ್ರತ್ಯೇಕ ಹಣ ಮಾತಾಡಿಕೊಳ್ಳುವುದು. ಷಿಕಾಗೋದಂಥ ಊರುಗಳಲ್ಲಿ ಆಡುವುದೂ ಇದೇ ಲೆಕ್ಕ. 2014ರಲ್ಲಿ ಅಲ್ಲಿನ ಸೋಲ್ಜರ್ ಫೀಲ್ಡ್‌ನಲ್ಲಿ ಅಮೆರಿಕವನ್ನು 74–6ರಿಂದ ಸೋಲಿಸಿದ್ದು ಆಟದ ದೃಷ್ಟಿಯಿಂದ ಪಂದ್ಯವೇ ಅಲ್ಲ. ಆದರೆ 60,000ಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ಬಂದಿದ್ದರು.

ಪೇಟೆ ಸಣ್ಣದು ಎಂದರೆ ಎಷ್ಟು ಸಣ್ಣದು? ನಮಗೆ ಪರಿಚಯದ ಅಳತೆಗೋಲು ಐಪಿಎಲ್. 2023ರಿಂದ 2027ರವರೆಗಿನ ಅದರ ಪ್ರಸಾರ ಹಕ್ಕು ಹೋದದ್ದು 48,390 ಕೋಟಿ ರೂಪಾಯಿಗೆ. 410 ಪಂದ್ಯದ ಲೆಕ್ಕದಲ್ಲಿ ಪಂದ್ಯಕ್ಕೆ 118 ಕೋಟಿ. ನ್ಯೂಜಿಲ್ಯಾಂಡ್ ರಗ್ಬಿ ಸಂಸ್ಥೆಯ 2024ರ ಒಟ್ಟು ಆದಾಯ ಅವರ ಹಣದಲ್ಲಿ 28.5 ಕೋಟಿ ಡಾಲರ್. ಅಲ್ಲಿನ ಒಂದು ಡಾಲರ್ ಸುಮಾರು 50 ರೂಪಾಯಿ ಎಂದು ಹಿಡಿದರೆ 1,425 ಕೋಟಿ. ಅಂದರೆ ಐಪಿಎಲ್‌ನ ಹನ್ನೆರಡು ಪಂದ್ಯಗಳ ಪ್ರಸಾರದ ದುಡ್ಡು. ಟಿಕೆಟ್, ಪ್ರಾಯೋಜಕರು, ಟಿವಿ, ಅಂಗಿ ಮಾರಾಟ ಎಲ್ಲ ಸೇರಿ ಇಡೀ ವರ್ಷಕ್ಕೆ ಅಷ್ಟು. ಈ ಲೆಕ್ಕ ಹಾಕಿದಾಗ ನಾನೇ ಎರಡು ಸಲ ಕ್ಯಾಲ್ಕ್ಯುಲೇಟರ್ ಒತ್ತಿದೆ.

ಮೂರು ಗುಂಟೆ ಮಾರಿದ ಕಥೆ

ಹಾಗಾದರೆ 'ಆಲ್ ಬ್ಲ್ಯಾಕ್ಸ್ ಮೌಲ್ಯ 350 ಕೋಟಿ ಡಾಲರ್' ಎಂಬ ಸುದ್ದಿ ಎಲ್ಲಿಂದ ಬಂತು? ಇದೂ ನ್ಯೂಜಿಲ್ಯಾಂಡಿನ ಡಾಲರೇ, ರೂಪಾಯಿಯಲ್ಲಿ 17,500 ಕೋಟಿ.

ಚನ್ನಗಿರಿ ಕಡೆ ಒಂದು ಎಕರೆ ಅಡಿಕೆ ತೋಟ ಇದೆ ಎನ್ನಿ. 40 ಗುಂಟೆ. ಮಾಲೀಕ ಎಂದೂ ಮಾರಿಲ್ಲ, ಹಾಗಾಗಿ ಬೆಲೆ ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಯಾರೋ ಬಂದು ಮೂರು ಗುಂಟೆಯ ಪಾಲಿಗೆ ಇಷ್ಟು ಲಕ್ಷ ಎಂದು ಕೊಟ್ಟರೆ, ಆ ದರದಲ್ಲಿ ಗುಣಿಸಿ ಇಡೀ ತೋಟದ ಬೆಲೆ ಹೇಳಬಹುದು. ಉಳಿದ 37 ಗುಂಟೆಗೆ ದುಡ್ಡು ಬಂದಿಲ್ಲ, ಬೆಲೆ ಮಾತ್ರ ಬಂದಿದೆ. 'ಮೌಲ್ಯ' ಎನ್ನುವುದು ಇದನ್ನೇ. ಅದು ಜೇಬಿನಲ್ಲಿರುವ ಹಣವಲ್ಲ.

ಅಲ್ಲಿ ಮೂರು ಗುಂಟೆ ಕೊಂಡದ್ದು ಸಿಲ್ವರ್ ಲೇಕ್ ಎಂಬ ಅಮೆರಿಕದ ಹೂಡಿಕೆ ಕಂಪನಿ. ಇಂಥ ಕಂಪನಿಗಳು ದೊಡ್ಡ ದೊಡ್ಡ ಹಣವಂತರ, ಪಿಂಚಣಿ ನಿಧಿಗಳ ದುಡ್ಡು ಒಟ್ಟು ಮಾಡಿ, ಬೆಳೆಯಬಹುದಾದ ವ್ಯಾಪಾರದಲ್ಲಿ ಪಾಲು ಕೊಂಡು, ಕೆಲವು ವರ್ಷದ ಮೇಲೆ ಲಾಭಕ್ಕೆ ಮಾರುವುದನ್ನೇ ಕಸುಬು ಮಾಡಿಕೊಂಡಿರುತ್ತವೆ. 2021ರಲ್ಲಿ ಮೊದಲ ಮಾತುಕತೆ ನಡೆದದ್ದು 12.5% ಪಾಲಿಗೆ, 38.75 ಕೋಟಿ ಡಾಲರಿಗೆ. ಆಟಗಾರರ ಸಂಘ ಅಡ್ಡ ನಿಂತಿತು. ಪಾಲು ಕೊಟ್ಟ ಮೇಲೆ ಹಿಂದೆ ಬರುವುದಿಲ್ಲ, ಹೊರಗಿನವರು ನಮ್ಮ ಸಂಸ್ಕೃತಿಯನ್ನು ಸರಕು ಮಾಡಿದರೆ ಏನು ಗತಿ ಎಂಬುದು ಅವರ ವಾದ. ಅಲ್ಲಿ ಆಟಗಾರರ ಮಾತಿಗೆ ತೂಕವಿದೆ. ಒಪ್ಪಂದದ ಪ್ರಕಾರ ಅವರಿಗೆ ಆದಾಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಪಾಲು ಇದೆ.

ಒಂದು ವರ್ಷ ಜಗ್ಗಾಡಿ, 2022ರಲ್ಲಿ ಸಣ್ಣ ಒಪ್ಪಂದಕ್ಕೆ ಬಂದರು. ಸಿಲ್ವರ್ ಲೇಕ್ ಮೊದಲು 20 ಕೋಟಿ ಡಾಲರ್ ಹಾಕಿತು. ಆಮೇಲೆ ಇನ್ನಷ್ಟು ಸೇರಿಸಿ ಒಟ್ಟು 26.25 ಕೋಟಿ ಡಾಲರಿಗೆ 7.5% ಪಾಲು ಪಡೆಯಿತು. 40ಕ್ಕೆ ಮೂರು, ಲೆಕ್ಕ ಸರಿಯಾಗಿ ಮೂರು ಗುಂಟೆ. 26.25 ಕೋಟಿಗೆ 7.5 ಭಾಗವಾದರೆ ನೂರು ಭಾಗಕ್ಕೆ 350 ಕೋಟಿ.

ತೋಟದ ಹೋಲಿಕೆ ಒಂದು ಕಡೆ ಕಾಲು ಜಾರುತ್ತದೆ. ಮೂರು ಗುಂಟೆ ಕೊಂಡವನು ಬೇಲಿ ಹಾಕಿಕೊಳ್ಳಬಹುದು. ಇಲ್ಲಿ ಬೇಲಿ ಇಲ್ಲ. ಪ್ರಸಾರ, ಪ್ರಾಯೋಜಕತ್ವ, ಸರಕು ಮಾರಾಟದ ಹಕ್ಕುಗಳನ್ನೆಲ್ಲ ಒಂದು ಹೊಸ ವಾಣಿಜ್ಯ ಸಂಸ್ಥೆಗೆ ವರ್ಗಾಯಿಸಿ, ಅದರಲ್ಲಿ ಪಾಲು ಕೊಟ್ಟಿದ್ದಾರೆ. ಇಡೀ ತೋಟದ ಫಸಲಿನಲ್ಲಿ ಪಾಲು ಎಂದ ಹಾಗೆ. ಯಾರನ್ನು ತಂಡಕ್ಕೆ ಆರಿಸಬೇಕು, ಯಾರು ನಾಯಕ ಎಂಬುದು ರಗ್ಬಿ ಸಂಸ್ಥೆಯ ಕೈಯಲ್ಲೇ ಉಳಿದಿದೆ. ಬಂದ ಹಣದಲ್ಲಿ ಒಂದಿಷ್ಟು ಪ್ರಾಂತಗಳಿಗೆ, ಕ್ಲಬ್ಬುಗಳಿಗೆ ಹೋಯಿತು, ಒಂದಿಷ್ಟು ಮುಂದಿನ ಕಾಲಕ್ಕೆಂದು ನಿಧಿಯಾಯಿತು.

ಕೊಂಡವರ ಆಸೆ ಸರಳ. ನ್ಯೂಜಿಲ್ಯಾಂಡಿನ ಐವತ್ತು ಲಕ್ಷ ಜನರಾಚೆ ಈ ಹೆಸರನ್ನು ಬಲ್ಲವರು ಲೋಕದಲ್ಲೆಲ್ಲ ಇದ್ದಾರೆ. ಅವರಲ್ಲಿ ಹೆಚ್ಚಿನವರು ಇವತ್ತು ಒಂದು ರೂಪಾಯಿಯನ್ನೂ ಆ ಸಂಸ್ಥೆಗೆ ಕೊಡುತ್ತಿಲ್ಲ. ಅವರ ಮೊಬೈಲಿಗೆ ನೇರ ತಲುಪಿ, ನೋಡುವುದಕ್ಕೂ ಕೊಳ್ಳುವುದಕ್ಕೂ ಏನಾದರೂ ಕೊಟ್ಟರೆ 350 ಕೋಟಿ ಇನ್ನೂ ಬೆಳೆಯುತ್ತದೆ ಎಂಬ ಎಣಿಕೆ.

ದಾಖಲೆ ಆದಾಯ, ಆದರೂ ನಷ್ಟ

2024ರ 28.5 ಕೋಟಿ ಡಾಲರ್ ಆವರೆಗಿನ ಆ ಸಂಸ್ಥೆಯ ಇತಿಹಾಸದಲ್ಲೇ ಅತಿ ಹೆಚ್ಚಿನ ಆದಾಯ. ಅದೇ ವರ್ಷ 1.95 ಕೋಟಿ ಡಾಲರ್ ನಷ್ಟವನ್ನೂ ತೋರಿಸಿದೆ. ಎರಡೂ ಒಟ್ಟಿಗೆ ಹೇಗೆ?

ದುಡಿಯುವವನು ಒಬ್ಬ, ಉಣ್ಣುವವರು ಹತ್ತು ಮಂದಿ ಇರುವ ಮನೆಯಲ್ಲಿ ಸಂಬಳ ಏರಿದ ವರ್ಷವೇ ಸಾಲವೂ ಏರುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಆಟಗಾರರ ಪಾಲು ಆದಾಯದ ಜೊತೆಗೇ ಏರುತ್ತದೆ. ಪ್ರಾಂತೀಯ ಒಕ್ಕೂಟಗಳಿಗೆ ಕೊಡುವುದನ್ನು ಕಡಿಮೆ ಮಾಡುವ ಹಾಗಿಲ್ಲ. ಹೊಸ ಪಾಲುದಾರ ಬಂದ ಮೇಲೆ ಬ್ರ್ಯಾಂಡು ಬೆಳೆಸುವ ಖರ್ಚು ಬೇರೆ. ಗಳಿಸುವ ತಂಡ ಒಂದೇ ಆಗಿರುವವರೆಗೆ ಈ ಮನೆಯ ಲೆಕ್ಕ ಹೀಗೆಯೇ ಬಿಗಿಯಾಗಿರುತ್ತದೆ.

ಸೋತರೆ ಬೆಲೆ ಬೀಳುವುದೇ?

ತಕ್ಷಣಕ್ಕೆ ಬೀಳುವುದಿಲ್ಲ. 2022ರ ಜುಲೈನಲ್ಲಿ ಐರ್ಲೆಂಡ್ ಮೊದಲ ಸಲ ನ್ಯೂಜಿಲ್ಯಾಂಡಿನ ನೆಲದಲ್ಲೇ ಸರಣಿ ಗೆದ್ದಿತು. ಮುಂದಿನ ತಿಂಗಳೇ ಅರ್ಜೆಂಟೀನಾ ಕೂಡ ಅಲ್ಲಿ ಮೊದಲ ಗೆಲುವು ಕಂಡಿತು. 350 ಕೋಟಿಯ ಒಪ್ಪಂದ ಆದದ್ದೂ ಅದೇ ವರ್ಷ! ಹೂಡಿಕೆದಾರ ಒಂದು ಸರಣಿಯ ಫಲಿತಾಂಶಕ್ಕೆ ದುಡ್ಡು ಕೊಡುವುದಿಲ್ಲ, ನೂರು ವರ್ಷದಲ್ಲಿ ಕೂಡಿಟ್ಟ ಹೆಸರಿಗೆ ಕೊಡುತ್ತಾನೆ. ಪ್ರಾಯೋಜಕರ ಒಪ್ಪಂದಗಳೂ ವರ್ಷಗಟ್ಟಲೆ ಇರುತ್ತವೆ. ಸೋಲು ಸಾಲುಸಾಲಾಗಿ ಬಂದು, ಒಪ್ಪಂದ ನವೀಕರಿಸುವ ಹೊತ್ತಿಗೂ ಮುಂದುವರಿದಿದ್ದರೆ ಆಗ ಮೇಜಿನ ಆ ಕಡೆಯವನು ಚೌಕಾಸಿ ಶುರು ಮಾಡುತ್ತಾನೆ.

ಹೆಸರಿಗೆ ಹಕ್ಕುದಾರರು

ಬೆಂಗಳೂರಿನ ಬೀದಿಬೀದಿಯಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡು ಇದೆ. ಅದರಿಂದ ದಾವಣಗೆರೆಗೆ ಬರುವುದು ಕೀರ್ತಿ ಮಾತ್ರ. ಊರಿನ ಹೆಸರನ್ನು ಯಾರೂ ಬಾಡಿಗೆಗೆ ಕೊಟ್ಟಿಲ್ಲ. ಆಲ್ ಬ್ಲ್ಯಾಕ್ಸ್ ಹೆಸರು, ಜರಿಗಿಡದ ಆ ಎಲೆಯ ಗುರುತು ಹಾಗಲ್ಲ, ಅವು ನೋಂದಾಯಿತ ಟ್ರೇಡ್‌ಮಾರ್ಕ್. ಅನುಮತಿ ಇಲ್ಲದೆ ಅಂಗಡಿಯ ಸರಕಿನ ಮೇಲೆ ಹಾಕುವಂತಿಲ್ಲ.

ಆದರೆ ಅವರ ಬ್ರ್ಯಾಂಡಿನ ಅತಿ ಬೆಲೆಬಾಳುವ ಭಾಗ ಅವರದ್ದೇ ಅಲ್ಲ ಎಂಬ ತಮಾಷೆಯೂ ಇದೆ. ಪಂದ್ಯಕ್ಕೆ ಮೊದಲು ಆಟಗಾರರು ತೊಡೆ ತಟ್ಟಿ, ನೆಲ ಗುದ್ದಿ, ನಾಲಗೆ ಚಾಚಿ ಮಾಡುವ 'ಹಾಕಾ' ಮಾವೋರಿಗಳ ಪರಂಪರೆ. ಅವರು ಹೆಚ್ಚು ಬಳಸಿರುವ 'ಕಾ ಮಾಟೆ' ಹಾಕಾವನ್ನು 1820ರ ಸುಮಾರಿಗೆ ರಚಿಸಿದವನು ನಾಟಿ ಟೊವಾ ಬುಡಕಟ್ಟಿನ ನಾಯಕ ಟೆ ರೌಪರಾಹಾ. ಜಾಹೀರಾತುಗಳಲ್ಲಿ ಅದನ್ನು ಮನಬಂದಂತೆ ಬಳಸುವುದು ಹೆಚ್ಚಾದಾಗ ಬುಡಕಟ್ಟು ಹೋರಾಡಿತು. 2014ರಲ್ಲಿ ಅಲ್ಲಿನ ಸಂಸತ್ತು ಇದಕ್ಕೆಂದೇ ಕಾನೂನು ತಂದಿತು. ವಾಣಿಜ್ಯ ಬಳಕೆಯಲ್ಲಿ ರಚಿಸಿದವನ ಮತ್ತು ಬುಡಕಟ್ಟಿನ ಹೆಸರು ಹೇಳಬೇಕು ಎಂಬ ಕಾನೂನು. ರಾಯಧನದ ಮಾತು ಅದರಲ್ಲಿಲ್ಲ.

ಅಕ್ಕನ ಮಗನ 250 ರೂಪಾಯಿಯಲ್ಲಿ ನ್ಯೂಜಿಲ್ಯಾಂಡಿಗಾಗಲಿ, ಆಲ್ಟ್ರಾಡ್‌ಗಾಗಲಿ, ಅಡಿಡಾಸ್‌ಗಾಗಲಿ ಒಂದು ಪೈಸೆ ಹೋಗಿಲ್ಲ. ಎಲ್ಲೋ ಹೊಲಿದು, ಎಲ್ಲೋ ಅಚ್ಚು ಹಾಕಿ, ಮೂಟೆ ಕಟ್ಟಿ ಮಂಡಿಪೇಟೆಗೆ ಬಂದ ಮಾಲು. ಮೊನ್ನೆ ಅಕ್ಕನ ಮನೆಗೆ ಹೋದಾಗ ಹಿತ್ತಲಿನ ತಂತಿಯ ಮೇಲೆ ಒಣಗುತ್ತಿತ್ತು. ಎರಡು ಒಗೆತಕ್ಕೆ ಬೆಳ್ಳಿ ಎಲೆ ಪೂರ್ತಿ ಕಿತ್ತುಹೋಗಿದೆ. ಆಲ್ಟ್ರಾಡ್ ಅಕ್ಷರ ಮಾತ್ರ ಅಲುಗಿಲ್ಲ.